ವಾರಂಟಿ ಮುಗಿದ ಬೆನ್ನಿಗೇ ಗೇರ್‌ಬಾಕ್ಸ್ ಕೈಕೊಟ್ಟಿದೆ, ಏನು ಮಾಡಲಿ?

ಪ್ರಶ್ನೆ: ನನ್ನ ಆಟೋಮ್ಯಾಟಿಕ್ ಕಾರಿನ ವಾರಂಟಿ ಮುಗಿದು ಮೂರು ವಾರವಾಗಿದೆ. ಈಗ ಒಂದರಿಂದ ಎರಡನೇ ಗೇರ್‌ಗೆ ಹೋಗುವಾಗ ಜೋರಾಗಿ ಜರ್ಕ್ ಹೊಡೆಯುತ್ತಿದೆ. ಇಡೀ ಗೇರ್‌ಬಾಕ್ಸ್ ಬದಲಿಸಬೇಕು, ಖರ್ಚು ನಿಮ್ಮದೇ ಅನ್ನುತ್ತಿದ್ದಾರೆ ಸರ್ವಿಸ್ ಸೆಂಟರಿನವರು. ಕಳೆದ ಸರ್ವಿಸ್‌ನಲ್ಲೇ ಇದನ್ನು ಹೇಳಿದ್ದೆ. ‘ಆಟೋಮ್ಯಾಟಿಕ್ ಅಂದ್ರೆ ಹೀಗೇ’ ಎಂದು ಕಳಿಸಿದ್ದರು. ಸುಮ್ನೆ ದುಡ್ಡು ಕಟ್ಟಬೇಕಾ?

ಉತ್ತರ: ಈಗಲೇ ಕಟ್ಟಬೇಡಿ. ಕಳೆದ ಸರ್ವಿಸ್‌ನಲ್ಲೇ ಹೇಳಿದ್ದೆ ಅಂದಿರಲ್ಲ, ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ ಅದೇ. ಆ ದಿನದ ಜಾಬ್ ಕಾರ್ಡ್, ಅಂದರೆ ಕಾರು ಕೊಟ್ಟಾಗ ನಿಮ್ಮ ದೂರುಗಳನ್ನು ಬರೆದುಕೊಂಡ ಚೀಟಿ, ಹುಡುಕಿ. ‘ಜರ್ಕ್’ ಅಂತ ಒಂದೇ ಪದ ಬರೆದಿದ್ದರೂ ಸಾಕು. ಆಗ ಇದು ವಾರಂಟಿ ಮುಗಿದ ಮೇಲೆ ಬಂದ ತೊಂದರೆಯಲ್ಲ, ವಾರಂಟಿ ಇದ್ದಾಗಲೇ ಹೇಳಿದ್ದರೂ ಸರಿಮಾಡದೆ ಬಿಟ್ಟ ತೊಂದರೆ. ಬರೆದಿಲ್ಲವೇ? ಅಂದು ಕಳಿಸಿದ ಮೆಸೇಜ್, ಮೇಲ್ ಏನಾದರೂ ಇದೆಯೇ ನೋಡಿ. ಹಾಗೇ ವಾರಂಟಿ ದಿನಾಂಕವನ್ನೂ ಒಮ್ಮೆ ಪರೀಕ್ಷಿಸಿ. ಸಾಮಾನ್ಯವಾಗಿ ಲೆಕ್ಕ ಶುರುವಾಗುವುದು ಕಾರು ತಯಾರಾದ ದಿನದಿಂದಲ್ಲ, ನಿಮ್ಮ ಕೈಗೆ ಬಂದ ದಿನದಿಂದ.

ಇದನ್ನೆಲ್ಲ ಇಟ್ಟುಕೊಂಡು ಕಾರು ತಯಾರಿಸಿದ ಕಂಪನಿಗೇ ಬರೆಯಿರಿ. ಕೌಂಟರಿನಲ್ಲಿ ಕೂತವರ ಜೊತೆ ಜಗಳವಾಡಿ ಲಾಭವಿಲ್ಲ, ಬಹಳ ಸಲ ಈ ತೀರ್ಮಾನ ಅವರ ಕೈಯಲ್ಲಿ ಇರುವುದೇ ಇಲ್ಲ. ವಾರಂಟಿ ಈಗಷ್ಟೇ ಮುಗಿದಿದ್ದರೆ ಕಂಪನಿಗಳು ‘ಗುಡ್‌ವಿಲ್’ ಹೆಸರಿನಲ್ಲಿ ಖರ್ಚಿನ ಒಂದು ಪಾಲು ಹೊರುವುದುಂಟು. ಕೆಲವೊಮ್ಮೆ ಬಿಡಿಭಾಗದ ಬೆಲೆ ಅವರದು, ಕೂಲಿ ನಿಮ್ಮದು. ಕೊಡಲೇಬೇಕೆಂಬ ಕಟ್ಟುಪಾಡಿಲ್ಲ, ಕೇಳದಿದ್ದರೆ ಅವರಾಗಿ ಹೇಳುವುದೂ ಅಪರೂಪ. ಎಲ್ಲ ಸರ್ವಿಸ್ ಹೊತ್ತಿಗೆ ಸರಿಯಾಗಿ ಆಗಿದೆಯೇ, ಕಾರು ಎಷ್ಟು ಓಡಿದೆ ಎಂಬುದನ್ನು ಅವರು ನೋಡುತ್ತಾರೆ. ಪತ್ರ ಚಿಕ್ಕದಾಗಿರಲಿ: ತೊಂದರೆ ಏನು, ಮೊದಲು ಯಾವಾಗ ಹೇಳಿದಿರಿ, ಈಗ ಏನು ಬೇಕು, ಇಷ್ಟೇ. ಇದೇ ಮಾದರಿಯ ಗೇರ್‌ಬಾಕ್ಸ್‌ಗೆ ರೀಕಾಲ್ (ದೋಷವಿರುವ ಕಾರುಗಳನ್ನು ಕಂಪನಿಯೇ ಕರೆಸಿ ಸರಿಮಾಡಿಕೊಡುವುದು) ಅಥವಾ ವಾರಂಟಿ ವಿಸ್ತರಣೆ ಇದೆಯೇ ಎಂದೂ ಕೇಳಿ. ಉತ್ತರ ಬರಹದಲ್ಲೇ ಬರಲಿ.

ಉತ್ತರ ಬರುವವರೆಗೆ ಗೇರ್‌ಬಾಕ್ಸ್ ಬಿಚ್ಚಲು ಒಪ್ಪಬೇಡಿ. ಬಿಚ್ಚಿದ ಮೇಲೆ ಆಧಾರವೂ ಹೋಗುತ್ತದೆ, ಚೌಕಾಸಿಯೂ ಕಷ್ಟ.

ಇನ್ನು ಇಡೀ ಗೇರ್‌ಬಾಕ್ಸ್ ಬದಲಿಸುವ ಮಾತು. ನನಗೆ ಅದರ ಮೇಲೆ ಅನುಮಾನವಿದೆ. ಇಂಥ ಜರ್ಕ್‌ಗೆ ಆಯಿಲ್ ಕಡಿಮೆಯಾಗಿರುವುದು, ಸೊಲೆನಾಯ್ಡ್ (ಗೇರ್‌ಬಾಕ್ಸ್ ಆಯಿಲ್‌ನ ಹರಿವನ್ನು ನಿಯಂತ್ರಿಸುವ ವಿದ್ಯುತ್ ಕವಾಟ) ಅಂಟಿಕೊಳ್ಳುವುದು, ಕ್ಲಚ್ ಸವೆದಿರುವುದು, ಸಾಫ್ಟ್‌ವೇರ್ ಹೊಂದಾಣಿಕೆ ತಪ್ಪಿರುವುದು, ಹೀಗೆ ಚಿಕ್ಕ ಕಾರಣಗಳೂ ಇರುತ್ತವೆ. ಕಾರಿನ ಕಂಪ್ಯೂಟರ್ ಸ್ಕ್ಯಾನ್ ಮಾಡಿದಾಗ ಬಂದ ದೋಷದ ಕೋಡ್‌ಗಳ ಪ್ರಿಂಟ್ ಕೇಳಿ ಪಡೆಯಿರಿ. ಅದನ್ನು ಹಿಡಿದು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಲಸವನ್ನೇ ಮಾಡುವ ಬೇರೊಬ್ಬ ಮೆಕ್ಯಾನಿಕ್‌ಗೆ ತೋರಿಸಿ. ಆ ತಪಾಸಣೆಗೆ ಸ್ವಲ್ಪ ಖರ್ಚಾದರೂ ಪರವಾಗಿಲ್ಲ, ಉಳಿಯುವ ದುಡ್ಡು ಜಾಸ್ತಿ ಇರಬಹುದು, ಅಲ್ವಾ? ನಿಜವಾಗಿಯೂ ಬದಲಿಸಲೇಬೇಕು ಎಂದಾದರೆ ಕಂಪನಿಯೇ ರಿಪೇರಿ ಮಾಡಿ ಮಾರುವ ಗೇರ್‌ಬಾಕ್ಸ್ ಸಿಗುತ್ತದೆಯೇ ವಿಚಾರಿಸಿ, ಹೊಸದಕ್ಕಿಂತ ಅದು ಅಗ್ಗ. ಹಾಕಿದ ಭಾಗಕ್ಕೆ ಎಷ್ಟು ಕಾಲದ ವಾರಂಟಿ ಎಂಬುದನ್ನು ಬಿಲ್‌ನಲ್ಲೇ ಬರೆಸಿಕೊಳ್ಳಿ.