ಚಳಿಗಾಲಕ್ಕೆ ಟ್ರೇಲರ್ ಹೊದಿಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸೆಪ್ಟೆಂಬರ್ ಆರಂಭದ ಲೇಬರ್ ಡೇ ರಜೆ ಮುಗಿಯುತ್ತಿದ್ದಂತೆ ಅಮೆರಿಕ, ಕೆನಡಾದ ಓದುಗರಿಂದ ಕ್ಯಾಂಪಿಂಗ್ ಟ್ರೇಲರ್ (ಕಾರಿನ ಹಿಂದೆ ಎಳೆದೊಯ್ಯುವ, ಮಲಗಲು ಜಾಗವಿರುವ ಪ್ರವಾಸದ ಗಾಡಿ) ಬಗೆಗಿನ ಪತ್ರಗಳು ಬರತೊಡಗುತ್ತವೆ. ಮುಂದಿನ ಏಪ್ರಿಲ್, ಮೇವರೆಗೆ ಗಾಡಿ ಬಯಲಲ್ಲೇ ನಿಲ್ಲಬೇಕು. ಈ ಸಂಚಿಕೆಯಲ್ಲಿ ಕವರ್ ಕೊಳ್ಳುವುದು, ಹೊದಿಸುವುದು, ಕಾಪಾಡುವುದರ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಟೆಂಟ್ ಬಟ್ಟೆಯ ಗೋಡೆಗಳನ್ನು ಪೆಟ್ಟಿಗೆಯೊಳಗೆ ಮಡಚುವ ಪಾಪ್-ಅಪ್ ಟ್ರೇಲರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೇವೆ. ಮುಚ್ಚಿದಾಗ ಪೆಟ್ಟಿಗೆ 12 ಅಡಿ ಉದ್ದ. ಹಾರ್ಡ್‌ವೇರ್ ಅಂಗಡಿಯ ನೀಲಿ ತಾಡಪಾಲು ಹಗ್ಗ ಹಾಕಿ ಬಿಗಿದರೆ ಸಾಲದೇ? ಕವರಿಗೆ ಅದರ ಹಲವು ಪಟ್ಟು ಬೆಲೆ ಹೇಳುತ್ತಾರೆ. (ಮಿಶಿಗನ್‌ನಿಂದ)

ಉತ್ತರ: ಸಾಲದು. ಒಂದೆರಡು ವಾರದ ಮಳೆಗೆ ತಾಡಪಾಲು ಆದೀತು, ಆರು ತಿಂಗಳಿಗೆ ಬೇಡ. ತಾಡಪಾಲಿನಿಂದ ಎರಡು ಹಾನಿ. ಮೊದಲನೆಯದು ತೇವ. ನೆಲದಿಂದ ಏಳುವ ಆವಿ ರಾತ್ರಿ ತಣ್ಣಗಾದ ಪ್ಲಾಸ್ಟಿಕ್ಕಿನ ಒಳಮೈಗೆ ತಗುಲಿ ಹನಿಗಟ್ಟುತ್ತದೆ. ಅಂಗಳದಲ್ಲಿ ಹರವಿದ ಅಡಿಕೆಯ ಮೇಲೆ ಹೊದಿಸಿದ ತಾಡಪಾಲನ್ನು ಬೆಳಿಗ್ಗೆ ಎತ್ತಿ ನೋಡಿದವರಿಗೆ ಆ ಬೆವರು ಗೊತ್ತು. ಆ ನೀರಿಗೆ ಹೊರಹೋಗಲು ದಾರಿಯಿಲ್ಲ. ಅದು ಚಾವಣಿಯ ಮೇಲೆ ನಿಂತು, ಸೀಲೆಂಟ್ (ಸಂದಿ ಮುಚ್ಚಲು ಹಚ್ಚುವ ಅಂಟು) ಬಿರುಕು ಬಿಟ್ಟಲ್ಲಿ ಒಳಗಿಳಿಯುತ್ತದೆ, ಟೆಂಟ್ ಬಟ್ಟೆಗೆ ಬೂಷ್ಟು ಹಿಡಿಸುತ್ತದೆ. ಎರಡನೆಯದು ಉಜ್ಜಾಟ. ಸಡಿಲವಾದ ತಾಡಪಾಲು ಗಾಳಿಗೆ ಹಗಲಿರುಳು ಪಟಪಟ ಬಡಿಯುತ್ತದೆ. ಅಂಚಿನ ಲೋಹದ ಬಳೆಗಳು, ಹಗ್ಗದ ಗಂಟುಗಳು ಬಣ್ಣವನ್ನು ಕೆರೆದು ಹಾಕುತ್ತವೆ. ವಸಂತದಲ್ಲಿ ತೆಗೆದಾಗ ಗಾಡಿಯ ಮೂಲೆಗಳಲ್ಲಿ ಮಾಸಲು ಬಿಳಿ ಪಟ್ಟೆ ಕಂಡರೆ ಅದು ಇದರದ್ದೇ ಕೆಲಸ.

ಒಳ್ಳೆಯ ಕವರ್ ಮೇಲಿನ ನೀರನ್ನು ತಡೆಯಬೇಕು, ಒಳಗಿನ ಆವಿಯನ್ನು ಬಿಡಬೇಕು. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಎರಡು ಬಗೆ. ನೇಯದೆ ಒತ್ತಿ ಮಾಡಿದ ಪಾಲಿಪ್ರೊಪಿಲೀನ್ ಬಟ್ಟೆ ಹಗುರ, ಚೆನ್ನಾಗಿ ಉಸಿರಾಡುತ್ತದೆ, ಬೆಲೆಯೂ ಕಡಿಮೆ. ಆದರೆ ತೀಕ್ಷ್ಣ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ನೇಯ್ದ ಪಾಲಿಯೆಸ್ಟರ್ ಗಟ್ಟಿ, ಬಿಸಿಲಿಗೂ ಹರಿಯದೆಯೂ ಹೆಚ್ಚು ತಡೆಯುತ್ತದೆ. ಆದರೆ ಅದಕ್ಕೆ ನೀರು ತಡೆಯುವ ಲೇಪ ಹಚ್ಚಿರುವುದರಿಂದ ಆವಿ ಬಿಡುವುದು ಕಡಿಮೆ, ಹಾಗಾಗಿ ಪಕ್ಕಗಳಲ್ಲಿ ಗಾಳಿಕಿಂಡಿ ಇರಲೇಬೇಕು. ‘ಮೂರು ಪದರ’ ಎಂದು ಬರೆದಿದ್ದರೆ ಅದು ಚಾವಣಿಗೆ ಮಾತ್ರವೋ ಪಕ್ಕಗಳಿಗೂ ಉಂಟೋ ಎಂದು ಓದಿ ನೋಡಿ. ಅನೇಕ ಕವರ್‌ಗಳಲ್ಲಿ ಪಕ್ಕದ್ದು ಒಂದೇ ಪದರ. ಅದು ತಪ್ಪಲ್ಲ, ಆವಿ ಹೊರಹೋಗುವುದು ಅಲ್ಲಿಂದಲೇ. ಕೈಗೆ ಬಂದಾಗ ಪಕ್ಕದ ಬಟ್ಟೆಯನ್ನು ಬಾಯಿಗಿಟ್ಟು ಊದಿ. ಉಸಿರು ಒಂದಿಷ್ಟೂ ದಾಟದೆ, ಗಾಳಿಕಿಂಡಿಯೂ ಇಲ್ಲದಿದ್ದರೆ ಅದು ಬೆಲೆ ಹೆಚ್ಚಿನ ತಾಡಪಾಲು ಅಷ್ಟೇ. ವಾಪಸು ಕಳಿಸಿ.

ನಿಮ್ಮ ಮಿಶಿಗನ್ ಹವೆಗೆ, ನೆರಳಿರುವ ಡ್ರೈವ್‌ವೇ ಆದರೆ, ಪಾಲಿಪ್ರೊಪಿಲೀನ್ ಸಾಕು.

ಪ್ರಶ್ನೆ: ನಮ್ಮ ಟ್ರಾವೆಲ್ ಟ್ರೇಲರ್‌ನ (ಮಡಚದ, ಗಟ್ಟಿ ಗೋಡೆಯ ಗಾಡಿ) ಮಾಡೆಲ್ ಹೆಸರಿನಲ್ಲಿ 24 ಎಂದಿದೆ. ಅದೇ ಅಳತೆಯ ಕವರ್ ತರಿಸಿದರೆ ಹಿಂಭಾಗ ಮುಚ್ಚಲೇ ಇಲ್ಲ. ಅಳತೆ ಹೇಗೆ ತೆಗೆಯಬೇಕು? (ಒಂಟಾರಿಯೊದಿಂದ)

ಉತ್ತರ: ಮಾಡೆಲ್ ಸಂಖ್ಯೆಯನ್ನು ನಂಬಬೇಡಿ. ಕೆಲವು ಕಂಪನಿಗಳಿಗೆ ಅದು ಒಳಗಿನ ಕೋಣೆಯ ಅಂದಾಜು ಉದ್ದ, ಕೆಲವರಿಗೆ ಬರೀ ಹೆಸರು. ಟೇಪು ಹಿಡಿದು ನೀವೇ ಅಳೆಯಿರಿ. ಹಿಂದೆ ಬಂಪರ್, ಏಣಿ, ಸ್ಟೆಪ್ನಿ ಚಕ್ರ ಇವುಗಳಲ್ಲಿ ಯಾವುದು ಹೆಚ್ಚು ಹೊರಚಾಚಿದೆಯೋ ಅಲ್ಲಿಂದ ಶುರುಮಾಡಿ, ಮುಂದೆ ಪೆಟ್ಟಿಗೆಯ ಅತಿ ಉಬ್ಬಿದ ಜಾಗದವರೆಗೆ. ಕಾರಿಗೆ ಜೋಡಿಸುವ ತ್ರಿಕೋನ ಚೌಕಟ್ಟು ಮತ್ತು ಜ್ಯಾಕ್ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಅದರ ಮೇಲಿನ ಪ್ರೊಪೇನ್ ಸಿಲಿಂಡರ್ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಕವರಿನ ಅಳತೆಪಟ್ಟಿಯಲ್ಲಿ ಬರೆದಿರುತ್ತದೆ. ಎತ್ತರಕ್ಕೂ ಹಾಗೆಯೇ: ಚಾವಣಿಯ ಏಸಿ ಸೇರಿಸಿಯೋ ಬಿಟ್ಟೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಅಗಲದ ಚಿಂತೆ ಕಡಿಮೆ. ಸ್ಲೈಡ್-ಔಟ್ (ಗೋಡೆಯಿಂದ ಹೊರಕ್ಕೆ ಸರಿಯುವ ಕೋಣೆಯ ಭಾಗ) ಒಳಗೆಳೆದು, ಆನಿಂಗ್ (ಪಕ್ಕಕ್ಕೆ ಬಿಚ್ಚುವ ಬಟ್ಟೆಯ ಚಪ್ಪರ) ಸುತ್ತಿಟ್ಟು ಅಳೆದರಾಯಿತು.

ಕವರ್‌ಗಳು ಎರಡು-ಮೂರು ಅಡಿ ಅಂತರದ ಅಳತೆಗಳಲ್ಲಿ ಬರುತ್ತವೆ. ನಿಮ್ಮ ಗಾಡಿ 24 ಅಡಿ 4 ಇಂಚು ಬಂದರೆ 24ರವರೆಗಿನದನ್ನು ಎಳೆದು ಕೂರಿಸಲು ಹೋಗಬೇಡಿ, ಮೊದಲ ಗಾಳಿಗೇ ಹೊಲಿಗೆ ಬಿಡುತ್ತದೆ. ಮುಂದಿನ ಅಳತೆ ತಗೊಂಡು, ಮುಂದೆ-ಹಿಂದೆ ಇರುವ ಬಿಗಿಪಟ್ಟಿಗಳಿಂದ ಸಡಿಲನ್ನು ಹೀರಿಕೊಳ್ಳಿ. ‘ಎರಡು ಅಳತೆ ದೊಡ್ಡದಿರಲಿ’ ಎನ್ನುವುದೂ ತಪ್ಪು. ಹೆಚ್ಚಾದ ಬಟ್ಟೆಯಲ್ಲಿ ಗಾಳಿ ತುಂಬುತ್ತದೆ, ಚಾವಣಿಯ ಮಡಿಕೆಗಳಲ್ಲಿ ನೀರು ನಿಲ್ಲುತ್ತದೆ.

ಬಾಗಿಲಿನ ಕಡೆ ಜಿಪ್ ಇರುವ ಕವರನ್ನೇ ಆರಿಸಿ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಒಳಹೊಕ್ಕು ನೋಡಲು ಅದೊಂದೇ ದಾರಿ.

ಪ್ರಶ್ನೆ: ಕವರ್ ಹಾಕುವ ಮುಂಚೆ ಏನೇನು ಮಾಡಬೇಕು? ಅನುಕ್ರಮವಾಗಿ ಹೇಳಿ. (ಮಿನೆಸೋಟದಿಂದ)

ಉತ್ತರ: ಕವರಿಗಿಂತ ಈ ಕೆಲಸವೇ ಮುಖ್ಯ. ಕೊಳೆ, ತೇವ ಒಳಗಿಟ್ಟು ಮುಚ್ಚಿದರೆ ಎಷ್ಟು ದುಡ್ಡಿನ ಕವರೂ ಉಪಯೋಗಕ್ಕಿಲ್ಲ.

ಮೊದಲು ಚಾವಣಿ. ಗಾಳಿಕಿಂಡಿ, ಏಸಿ, ಕೊಳವೆಗಳ ಸುತ್ತ ಹಚ್ಚಿದ ಸೀಲೆಂಟನ್ನು ಬೆರಳಿಂದ ಒತ್ತಿ ನೋಡಿ. ಬಿರುಕು, ಎದ್ದುನಿಂತ ಅಂಚು ಇದ್ದರೆ ಈಗಲೇ ದುರಸ್ತಿ ಮಾಡಿ; ಸೀಲೆಂಟ್ ಒಣಗಿ ಗಟ್ಟಿಯಾಗಲು ಬೆಚ್ಚಗಿನ ದಿನಗಳು ಬೇಕು. ರಬ್ಬರ್ ಚಾವಣಿಯಾದರೆ ಅದಕ್ಕೆಂದೇ ಇರುವ ತಾನಾಗಿ ಹರಡುವ ಸೀಲೆಂಟ್ ಬಳಸಿ. ಮನೆಬಳಕೆಯ ಸಿಲಿಕೋನ್ ಅದಕ್ಕೆ ಸರಿಯಾಗಿ ಅಂಟುವುದಿಲ್ಲ, ಮುಂದೆ ಅದರ ಮೇಲೆ ಬೇರೆ ಸೀಲೆಂಟೂ ಹಿಡಿಯುವುದಿಲ್ಲ. ಪೆಟ್ರೋಲಿಯಂ ದ್ರಾವಕ ಇರುವ ಕ್ಲೀನರ್ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ಮೃದು ಸೋಪು, ನೀರು, ಮೆತ್ತನೆಯ ಬ್ರಷ್ ಸಾಕು. ತೊಳೆದ ಮೇಲೆ ಪೂರ್ತಿ ಒಣಗಲಿ. ಉಳಿದ ಧೂಳು ಕವರಿನಡಿ ಮರಳು ಕಾಗದದಂತೆ ಬಣ್ಣ ತಿನ್ನುತ್ತದೆ.

ಪಾಪ್-ಅಪ್ ಆದರೆ ಬಿಸಿಲಿರುವ ದಿನ ಪೂರ್ತಿ ತೆರೆದು, ಟೆಂಟ್ ಬಟ್ಟೆ, ಜಿಪ್‌ನ ಮಡಿಕೆ, ಹಾಸಿಗೆಯ ಅಡಿ ಎಲ್ಲ ಮುಟ್ಟಿ ನೋಡಿ ಒಣಗಿದ ಮೇಲೆಯೇ ಮಡಚಿ. ಮಳೆಯಲ್ಲಿ ಅನಿವಾರ್ಯವಾಗಿ ಒದ್ದೆಯೇ ಮಡಚಿದ್ದರೆ ಒಂದೆರಡು ದಿನದೊಳಗೆ ಮತ್ತೆ ತೆರೆಯಬೇಕು.

ಆಮೇಲೆ ನೀರು. ಟ್ಯಾಂಕು, ವಾಟರ್ ಹೀಟರ್ ಖಾಲಿ ಮಾಡಿ, ಹೀಟರಿನೊಳಗೆ ಏನೂ ಹರಿಯದಂತೆ ಅದನ್ನು ಬೈಪಾಸ್‌ಗೆ ತಿರುಗಿಸಿ, ಕೊಳವೆಗಳಲ್ಲಿ ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಜ್ (ಇಂಥ ಗಾಡಿಗಳಿಗೆಂದೇ ಇರುವ, ಚಳಿಗೆ ಹೆಪ್ಪುಗಟ್ಟದ ದ್ರವ) ಹರಿಸಿ. ಟ್ರಾವೆಲ್ ಟ್ರೇಲರ್‌ಗೆ ಸುಮಾರು 2ರಿಂದ 3 ಗ್ಯಾಲನ್, ಸಣ್ಣ ಪಾಪ್-ಅಪ್‌ಗೆ ಒಂದು ಗ್ಯಾಲನ್ ಸಾಕು. ಪ್ರತಿ ಸಿಂಕಿನ ಬಾಗುಕೊಳವೆಗೂ ಒಂದು ಲೋಟ ಸುರಿಯಿರಿ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಅದನ್ನು ಕುಡಿಯುವ ನೀರಿನ ಕೊಳವೆಗೆ ಎಂದೂ ಹಾಕಬಾರದು.

ಲೆಡ್-ಆ್ಯಸಿಡ್ ಬ್ಯಾಟರಿ ಬಿಚ್ಚಿ, ಪೂರ್ತಿ ಚಾರ್ಜ್ ಮಾಡಿಡಿ. ಚಾರ್ಜ್ ಇಳಿದ ಬ್ಯಾಟರಿ ಸುಮಾರು 20 ಡಿಗ್ರಿ ಫ್ಯಾರನ್‌ಹೀಟಿಗೇ, ಅಂದರೆ ಮೈನಸ್ 7 ಸೆಲ್ಸಿಯಸ್‌ಗೆ, ಹೆಪ್ಪುಗಟ್ಟಿ ಒಡೆಯುತ್ತದೆ. ನಿಮ್ಮಲ್ಲಿ ಆ ಚಳಿ ಮಾಮೂಲು. ಚಾವಣಿಯ ಸೋಲಾರ್ ಪ್ಯಾನೆಲ್ ಚಾರ್ಜ್ ಮಾಡುತ್ತದೆ ಎಂದು ಸುಮ್ಮನಿರಬೇಡಿ, ಕವರ್ ಬಿದ್ದ ಕೂಡಲೇ ಅದು ನಿಂತುಹೋಗುತ್ತದೆ. ಪ್ರೊಪೇನ್ ಸಿಲಿಂಡರಿನ ವಾಲ್ವ್ ಮುಚ್ಚಿ. ಸಿಲಿಂಡರ್ ಬಿಚ್ಚಿದರೂ ಗ್ಯಾರೇಜಿನಲ್ಲಾಗಲಿ ಮನೆಯೊಳಗಾಗಲಿ ಇಡಬೇಡಿ, ಹೊರಗೇ ಇರಬೇಕು.

ಗಾಡಿಯನ್ನು ಹುಲ್ಲಿನ ಮೇಲಲ್ಲ, ಜಲ್ಲಿ ಅಥವಾ ಕಾಂಕ್ರೀಟಿನ ಮೇಲೆ ನಿಲ್ಲಿಸಿ. ಚಕ್ರದಡಿ ಹಲಗೆ, ಹಿಂದೆ-ಮುಂದೆ ತಡೆಗಟ್ಟೆ. ಮುಂಭಾಗದ ಜ್ಯಾಕನ್ನು ಸ್ವಲ್ಪ ಏರಿಸಿ ಮೂತಿ ಮೇಲಿರುವಂತೆ ಮಾಡಿದರೆ ಚಾವಣಿಯ ಮೇಲೆ ನೀರು ನಿಲ್ಲದೆ ಹಿಂದಕ್ಕೆ ಹರಿಯುತ್ತದೆ.

ಪ್ರಶ್ನೆ: ಹೊಸ ಕವರ್ ಒಂದೇ ಚಳಿಗಾಲದಲ್ಲಿ ಮೂಲೆಯಲ್ಲಿ ಹರಿದಿದೆ. ಬಟ್ಟೆ ಕಳಪೆಯೇ? (ಇಲಿನಾಯ್‌ನಿಂದ)

ಉತ್ತರ: ನೀವು ಕಳಿಸಿದ ಫೋಟೋದಲ್ಲಿ ಹರಿದ ಜಾಗ ಚಾವಣಿಯಂಚಿನ ಗಟರ್ ತುದಿಗೆ ನೇರವಾಗಿದೆ. ಮಳೆನೀರು ಗೋಡೆಗೆ ತಗುಲದಿರಲೆಂದು ಅಲ್ಲೊಂದು ಪ್ಲಾಸ್ಟಿಕ್ ಮೂತಿ ಬೆರಳುದ್ದ ಹೊರಚಾಚಿರುತ್ತದೆ. ಅದರ ಅಂಚು ಹರಿತ. ಗಾಳಿ ಬೀಸಿದಾಗಲೆಲ್ಲ ಬಟ್ಟೆ ಆ ಒಂದೇ ಬಿಂದುವಿನ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿದಾಡಿ, ಮೊದಲು ಎಳೆ ನವೆದು, ಆಮೇಲೆ ಸಣ್ಣ ತೂತು, ಕೊನೆಗೆ ಅಂಗೈಯಗಲದ ಹರಕು. ಎಂಥ ಬಟ್ಟೆಯೂ ಇದಕ್ಕೆ ತಡೆಯದು.

ಮಕ್ಕಳು ಈಜಲು ಬಳಸುವ ಉದ್ದನೆಯ ನೊರೆಕೊಳವೆಯನ್ನು ಉದ್ದಕ್ಕೆ ಸೀಳಿ ಗಟರ್ ಅಂಚಿಗೆ ತೊಡಿಸಿ. ಮೂತಿಗಳಿಗೆ ಸೀಳಿದ ಟೆನಿಸ್ ಚೆಂಡು ಸರಿಹೋಗುತ್ತದೆ. ಏಣಿ, ಆನಿಂಗ್‌ನ ತೋಳು, ಆಂಟೆನಾ, ಏಸಿಯ ಮೂಲೆಗಳಿಗೆ ಹಳೆಯ ಟವೆಲ್ ಸುತ್ತಿ. ಕಟ್ಟಲು ಪೇಂಟರ್ಸ್ ಟೇಪ್ ಬಳಸಿ. ಡಕ್ಟ್ ಟೇಪಿನ ಗೋಂದು ಬಿಸಿಲಿಗೆ ಕರಗಿ ಬಣ್ಣಕ್ಕಂಟಿದರೆ ತೆಗೆಯುವುದೇ ಒಂದು ಕೆಲಸವಾಗುತ್ತದೆ.

ಹೊದಿಸುವಾಗ ಗಾಳಿಯಿಲ್ಲದ ದಿನ, ಇಬ್ಬರು ಇರಲಿ. ಚಾವಣಿಯ ಮೇಲೆ ಹತ್ತುವ ಮುಂಚೆ ಅದು ಮನುಷ್ಯನ ಭಾರ ತಾಳುತ್ತದೋ ಎಂದು ಕೈಪಿಡಿ ನೋಡಿ. ಅನೇಕ ಹಗುರ ಟ್ರೇಲರ್‌ಗಳ ಚಾವಣಿ ತಾಳುವುದಿಲ್ಲ. ಆಗ ನೆಲದಿಂದಲೇ, ಬಟ್ಟೆ ಸುತ್ತಿದ ಕೋಲಿನಿಂದ ತಳ್ಳಿ. ಹೊಟ್ಟೆಯಡಿಯ ಪಟ್ಟಿಯನ್ನು ಆಚೆಗೆ ದಾಟಿಸಲು ತುದಿಗೆ ಸಣ್ಣ ಮರಳುಚೀಲ ಕಟ್ಟಿ ಎಸೆಯಿರಿ, ಗಾಡಿಯಡಿ ತೆವಳಬೇಕಿಲ್ಲ. ಮೊದಲು ಮುಂದೆ-ಹಿಂದಿನ ಪಟ್ಟಿ ಬಿಗಿದು ಕವರನ್ನು ನಡುವಿಗೆ ತನ್ನಿ, ಆಮೇಲೆ ಅಡಿಪಟ್ಟಿಗಳು. ಬಟ್ಟೆ ಮೈಗೆ ಕೂತಿರಬೇಕು, ತಂತಿಯಂತೆ ಬಿಗಿಯಬಾರದು. ಮೊದಲ ಜೋರು ಗಾಳಿಯ ಮಾರನೆಯ ದಿನ ಎಲ್ಲ ಬಕಲ್ ಮತ್ತೆ ನೋಡಿ, ಸಡಿಲವಾಗಿಯೇ ಇರುತ್ತವೆ.

ಹರಿದದ್ದಕ್ಕೆ ಕವರಿನ ಜೊತೆ ಬಂದ ಅಂಟುಪಟ್ಟಿ ಹಾಕಬಹುದು. ಬಟ್ಟೆ ಒಣಗಿರಲಿ, ಒಳ-ಹೊರ ಎರಡೂ ಕಡೆ ಹಚ್ಚಿ, ಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸಿ.

ಪ್ರಶ್ನೆ: ಕವರ್ ಇದ್ದ ಮೇಲೆ ಹಿಮ ತೆಗೆಯಬೇಕೇ? (ಮಿನೆಸೋಟದಿಂದ)

ಉತ್ತರ: ತೆಗೆಯಬೇಕು. ಕವರ್ ಭಾರ ಹೊರುವುದಿಲ್ಲ, ಚಾವಣಿಗೇ ದಾಟಿಸುತ್ತದೆ. ಒದ್ದೆ ಹಿಮ ಘನ ಅಡಿಗೆ 15 ಪೌಂಡ್ ತೂಗಿತೆನ್ನಿ. 7 ಅಡಿ ಅಗಲ, 12 ಅಡಿ ಉದ್ದದ ಪಾಪ್-ಅಪ್ ಚಾವಣಿಯ ಮೇಲೆ ಒಂದಡಿ ಬಿದ್ದರೆ 1,260 ಪೌಂಡ್, ಅಂದರೆ 570 ಕಿಲೋ ಆಯಿತು. ಅರ್ಧ ಅಡಿ ಆಗುವಷ್ಟರಲ್ಲೇ ಮೆತ್ತನೆಯ ಪೊರಕೆಯಿಂದ ತಳ್ಳಿಬಿಡಿ. ಲೋಹದ ಸಲಿಕೆ ಬೇಡ. ಅಡಿಯಲ್ಲಿ ಹೆಪ್ಪುಗಟ್ಟಿ ಬಟ್ಟೆಗಂಟಿದ ಪದರವನ್ನು ಕೀಳದೆ ಕರಗಲು ಬಿಡಿ.

ಪ್ರಶ್ನೆ: ಸಿಯಾಟಲ್ ಮಳೆಯಲ್ಲಿ ಕವರ್ ಹಾಕಿದರೂ ಒಳಗೆ ಮುಗ್ಗಲು ವಾಸನೆ. ಸಣ್ಣ ಹೀಟರ್ ಹಚ್ಚಿಡಬಹುದೇ? (ವಾಷಿಂಗ್ಟನ್ ರಾಜ್ಯದಿಂದ)

ಉತ್ತರ: ಕವರ್ ಹೊದಿಸಿದ ಗಾಡಿಯಲ್ಲಿ ಹೀಟರ್, ಫರ್ನೆಸ್, ಗ್ಯಾಸ್ ಫ್ರಿಜ್, ಒಲೆ ಯಾವುದನ್ನೂ ಹಚ್ಚಬಾರದು. ಬೆಂಕಿ ಹತ್ತಬಹುದು, ಕಾರ್ಬನ್ ಮಾನಾಕ್ಸೈಡ್ ಒಳಗೇ ಉಳಿದು ಜೀವ ತೆಗೆಯಬಹುದು. ಬದಲಿಗೆ ಫ್ರಿಜ್, ಕಪಾಟುಗಳ ಬಾಗಿಲು ತೆರೆದಿಡಿ, ಹಾಸಿಗೆಗಳನ್ನು ಗೋಡೆಗೆ ತಾಗದಂತೆ ನಿಲ್ಲಿಸಿ, ಕವರಿನ ಗಾಳಿಕಿಂಡಿಗಳು ಮಡಿಕೆಯಲ್ಲಿ ಮುಚ್ಚಿಹೋಗದಂತೆ ನೋಡಿ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳನ್ನು ಸಿಂಕಿನೊಳಗೇ ಇಡಿ. ಅದರಲ್ಲಿ ಸೇರುವ ಉಪ್ಪುನೀರು ಚೆಲ್ಲಿದರೆ ಲೋಹ ತುಕ್ಕು ಹಿಡಿಯುತ್ತದೆ. ವಾಸನೆ ಒಂದೇ ಮೂಲೆಯಿಂದ ಬರುತ್ತಿದ್ದರೆ ಅಲ್ಲಿ ನೀರು ಸೋರುತ್ತಿದೆ ಎಂದೇ ತಿಳಿದು ಗೋಡೆಯನ್ನು ಒತ್ತಿ ನೋಡಿ.

ಪ್ರಶ್ನೆ: ಫೀನಿಕ್ಸ್‌ನಲ್ಲಿ ಹಿಮವೂ ಇಲ್ಲ, ಮಳೆಯೂ ಕಡಿಮೆ. ಕವರ್ ಬೇಕೇ? (ಅರಿಜೋನಾದಿಂದ)

ಉತ್ತರ: ನಿಮಗೆ ಶತ್ರು ಬಿಸಿಲು. ಮೇಲೊಂದು ಶೀಟಿನ ನೆರಳು ಸಾಧ್ಯವಿದ್ದರೆ ಅದು ಎಲ್ಲ ಕವರ್‌ಗಳಿಗಿಂತ ಮೇಲು. ಇಲ್ಲವಾದರೆ ತಿಳಿಬಣ್ಣದ ಪಾಲಿಯೆಸ್ಟರ್ ಕವರ್ ತಗೊಳ್ಳಿ. ಟೈರುಗಳಿಗೆ ಪ್ರತ್ಯೇಕ ಹೊದಿಕೆ ಹಾಕಲೇಬೇಕು. ಟೈರಿನ ಪಕ್ಕದಲ್ಲಿ DOT ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತದೆ: 2321 ಎಂದರೆ 2021ರ 23ನೇ ವಾರ. ಐದಾರು ವರ್ಷ ದಾಟಿದ್ದರೆ, ಟೈರಿನ ಹಲ್ಲು ಸವೆಯದೆ ಚೆನ್ನಾಗಿ ಕಂಡರೂ, ಬದಲಿಸಿ.

ಪ್ರಶ್ನೆ: ಇಲಿ ಕಾಟಕ್ಕೆ ಏನು ಮಾಡುವುದು? ವಸಂತದಲ್ಲಿ ತೆಗೆದ ಕವರನ್ನು ಹೇಗಿಡಬೇಕು? (ಪೆನ್ಸಿಲ್ವೇನಿಯಾದಿಂದ)

ಉತ್ತರ: ಇಲಿಗೆ ಕವರಿನಡಿ ಬೆಚ್ಚಗಿನ ಮರೆ ಸಿಗುತ್ತದೆ, ಟೆಂಟ್ ಬಟ್ಟೆ ಗೂಡಿಗೆ ಒದಗುತ್ತದೆ. ವಾಸನೆಯ ಕಾಗದ, ಎಣ್ಣೆಗಳ ಮೇಲೆ ಭರವಸೆ ಇಡಬೇಡಿ. ತಿನ್ನುವ ಪದಾರ್ಥ ಒಂದು ಬಿಸ್ಕತ್ತೂ ಉಳಿಯದಂತೆ ತೆಗೆದು, ಗಾಡಿಯಡಿ ಮಲಗಿ ಟಾರ್ಚ್ ಹಾಕಿ, ಕೊಳವೆ-ವೈರು ಒಳಹೋಗುವ ಪ್ರತಿ ಸಂದಿಗೂ ತಾಮ್ರದ ಜಾಲರಿ ತುರುಕಿ ಸೀಲೆಂಟ್ ಹಚ್ಚಿ. ಬೆರಳು ತೂರುವ ಸಂದಿ ಇಲಿಮರಿಗೆ ಹೆಬ್ಬಾಗಿಲು.

ಕವರನ್ನು ಒಣಗಿದ ದಿನವೇ ಬಿಚ್ಚಿ, ಗುಡಿಸಿ, ತಣ್ಣೀರು-ಸೋಪಿನಲ್ಲಿ ಬ್ರಷ್ ಮಾಡಿ, ಹಗ್ಗದ ಮೇಲೆ ಎರಡೂ ಮಗ್ಗುಲು ಒಣಗಿಸಿ. ವಾಷಿಂಗ್ ಮಷೀನ್, ಬ್ಲೀಚ್ ಎರಡೂ ಬೇಡ, ನೀರು ತಡೆಯುವ ಗುಣ ಹೋಗುತ್ತದೆ. ಮುಂಭಾಗ ಯಾವುದೆಂದು ಒಳಗಡೆ ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ, ಹಿಂಭಾಗದಿಂದ ಸುರುಳಿ ಸುತ್ತಿ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿಡಿ. ಅಕ್ಟೋಬರಿನಲ್ಲಿ ಮುಂಭಾಗದಿಂದಲೇ ಬಿಚ್ಚಿಕೊಂಡು ಹೋಗಬಹುದು.