ಮಂಜೇಶ್ವರಕ್ಕೆ ಒಂದು ಅಂಕ

"ಕೇರಳದಲ್ಲಿ ಕುಳಿತು ಪೊಲೀಸ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುತ್ತೀರಾ? ಸಾಮಾನ್ಯ ಜ್ಞಾನಕ್ಕೂ ಸಂಜೆ ತರಗತಿ ಬೇಕೇನೋ? ಅದು ಎಲ್ಲಿ ಓದಿದರೂ ಒಂದೇ ತಾನೇ" ಎಂದು ಕೇಳಿದೆಯಲ್ಲ. ಕೊಂಕು ಇರಲಿಲ್ಲ ಎಂದೇ ಭಾವಿಸುತ್ತೇನೆ. ಉತ್ತರ ಮಾತ್ರ ಉದ್ದವಾಗುತ್ತದೆ, ಸಹಿಸಿಕೋ. ತುಮಕೂರಿನವನಾದ ನಿನಗೆ ಮನೆಯಲ್ಲಿ, ಗೈಡಿನಲ್ಲಿ, ಪರೀಕ್ಷೆಯಲ್ಲಿ ಎಲ್ಲ ಕಡೆಯೂ ಒಂದೇ ರಾಜ್ಯ. ಕಾಸರಗೋಡು ಜಿಲ್ಲೆಯ ಕುಂಬಳೆಯ ಈಚೆ, ನಾನು ಸಂಜೆ ಪಾಠ ಮಾಡುವ ನಮ್ಮ ವಾಚನಾಲಯದ ಮೇಜಿನ ಮೇಲೆ ಎರಡು ರಾಜ್ಯಗಳಿವೆ.

ವ್ಯವಸ್ಥೆಯ ವಿವರವನ್ನು ಬೇಗ ಮುಗಿಸುತ್ತೇನೆ. ಕೇರಳದಲ್ಲಿ ಪೊಲೀಸರನ್ನು ಆಯ್ಕೆ ಮಾಡುವುದು ಲೋಕಸೇವಾ ಆಯೋಗ, ಎಲ್ಲರ ಬಾಯಲ್ಲಿ ಪಿಎಸ್‌ಸಿ. ನಿಮ್ಮಲ್ಲಿ ಕಾನ್‌ಸ್ಟೆಬಲ್ ಎನ್ನುವ ಹುದ್ದೆಗೆ ಇಲ್ಲಿ ಸಿವಿಲ್ ಪೊಲೀಸ್ ಆಫೀಸರ್ ಎಂಬ ಗತ್ತಿನ ಹೆಸರಿದೆ. ಹುದ್ದೆಗಳನ್ನು ಬೆಟಾಲಿಯನ್ ಲೆಕ್ಕದಲ್ಲಿ ಹಂಚುತ್ತಾರೆ. ಕಾಸರಗೋಡಿಗೆ ಕೆಎಪಿ ನಾಲ್ಕು, ಅಂದರೆ ಕೇರಳ ಸಶಸ್ತ್ರ ಪೊಲೀಸಿನ ನಾಲ್ಕನೇ ಬೆಟಾಲಿಯನ್; ಅದರ ಕೇಂದ್ರ ಕಣ್ಣೂರಿನ ಮಾಂಗಾಟುಪರಂಬ. ನೂರು ಪ್ರಶ್ನೆ, ಸರಿಗೆ ಒಂದು ಅಂಕ, ತಪ್ಪಿಗೆ ಮೂರನೇ ಒಂದು ಅಂಕ ಕಡಿತ. ಮೊದಲೇ ತಿಳಿಸಿದರೆ ಕನ್ನಡದ ಪ್ರಶ್ನೆಪತ್ರಿಕೆ ಸಿಗುತ್ತದೆ. ಅದನ್ನು ದಯೆ ಎಂದು ತಿಳಿಯಬೇಡ. ನಾವು ಎಲ್ಲಿಂದಲೋ ವಲಸೆ ಬಂದು ಇಲ್ಲಿ ಕನ್ನಡ ಮಾತನಾಡುತ್ತಿರುವವರಲ್ಲ. 1956ರ ಅಕ್ಟೋಬರ್ 31ರ ರಾತ್ರಿ ನಮ್ಮಜ್ಜ ಮಲಗಿದಾಗ ಅವರ ಊರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಬೆಳಿಗ್ಗೆ ಎದ್ದಾಗ ಕೇರಳದಲ್ಲಿತ್ತು. ಅಜ್ಜ ಹಾಸಿಗೆಯಿಂದ ಕದಲಿರಲಿಲ್ಲ.

ಇನ್ನು ದೈಹಿಕ ಪರೀಕ್ಷೆ. ಅದರ ಬಗ್ಗೆ ನನಗೆ ಚಿಂತೆಯಿಲ್ಲ. ಇಲ್ಲಿ ಎಂಟು ಬಗೆಯ ಪರೀಕ್ಷೆಗಳಲ್ಲಿ ಐದನ್ನು ಗೆಲ್ಲಬೇಕು. ಹುಡುಗರು ಕ್ರಿಕೆಟ್ ಚೆಂಡನ್ನು 60.96 ಮೀಟರ್ ದೂರ ಎಸೆಯಬೇಕು, ಹಗ್ಗ ಹಿಡಿದು 3.65 ಮೀಟರ್ ಏರಬೇಕು. ಅಡಿಕೆ ಮರ ಏರಿ, ತುದಿಯಲ್ಲೇ ಓಲಾಡಿ ಪಕ್ಕದ ಮರಕ್ಕೆ ಹಾರಿಕೊಳ್ಳುವ ಬದಿಯಡ್ಕದ ಹುಡುಗನಿಗೆ ಹಗ್ಗದ ಆ ಎತ್ತರ ಯಾವ ಲೆಕ್ಕ? ಕರ್ನಾಟಕದವರದು 1600 ಮೀಟರ್ ಓಟ, ಆರೂವರೆ ನಿಮಿಷದೊಳಗೆ. ಅದನ್ನೂ ಓಡುತ್ತಾರೆ. ನಮ್ಮವರು ಮುಗ್ಗರಿಸುವುದು ಮೈದಾನದಲ್ಲಿ ಅಲ್ಲ, ವಾಚನಾಲಯದ ಬೆಂಚಿನಲ್ಲಿ.

ಆ ಬೆಂಚಿನ ಕಥೆ ಕೇಳು. ಮಲಯಾಳದಲ್ಲಿ ರ್‍ಯಾಂಕ್ ಫೈಲ್ ಎಂಬ ದಿಂಬಿನಂಥ ಪುಸ್ತಕಗಳು ಬರುತ್ತವೆ, ಕೇರಳದ ಪರೀಕ್ಷೆಗೆ ಬೇಕಾದುದೆಲ್ಲ ಅದರಲ್ಲಿರುತ್ತದೆ. ಕನ್ನಡದಲ್ಲಿ ಸಿಗುವ ಗೈಡುಗಳು ಧಾರವಾಡದಿಂದ, ಬೆಂಗಳೂರಿನಿಂದ ಬರುತ್ತವೆ. ಭಾಷೆ ನಮ್ಮದು, ರಾಜ್ಯ ನಿಮ್ಮದು. ಕೇರಳದ ಸಾಮಾನ್ಯ ಜ್ಞಾನವನ್ನು ಕನ್ನಡದಲ್ಲಿ ಕೊಡುವ, ನಂಬಿ ಮಕ್ಕಳ ಕೈಗಿಡಬಹುದಾದ ಪುಸ್ತಕ ನನಗೆ ಇನ್ನೂ ಸಿಕ್ಕಿಲ್ಲ. ಹಾಗಾಗಿ ನಮ್ಮ ವಿದ್ಯಾರ್ಥಿಗಳ ನೋಟುಪುಸ್ತಕದಲ್ಲಿ ಪುಟದ ನಡುವೆ ಒಂದು ಗೆರೆ ಇರುತ್ತದೆ. ಎಡಕ್ಕೆ 'ಕೇ', ಬಲಕ್ಕೆ 'ಕ'. ಹೆಚ್ಚಿನವರು ಎರಡೂ ಕಡೆಯ ಪರೀಕ್ಷೆ ಬರೆಯುವವರೇ, ಕೆಲಸ ಯಾವ ಕಡೆ ಸಿಕ್ಕಿದರೂ ಬೇಡ ಎನ್ನುವವರಲ್ಲ.

ರಾಜ್ಯದ ಪಕ್ಷಿ ಯಾವುದು? ಎಡಕ್ಕೆ ಮಂಗಟ್ಟೆ, ಬಲಕ್ಕೆ ನೀಲಕಂಠ. ಮರ? ಎಡಕ್ಕೆ ತೆಂಗು, ಬಲಕ್ಕೆ ಶ್ರೀಗಂಧ. ಹೂವು? ಎಡಕ್ಕೆ ಕಕ್ಕೆ, ವಿಷು ಕಣಿಗೆ ಇಡುವ ಅದೇ ಹಳದಿ ಗೊಂಚಲು, ಬಲಕ್ಕೆ ಕಮಲ. ಅತಿ ಎತ್ತರದ ಶಿಖರ ಆನಮುಡಿ, ಇಲ್ಲವೇ ಮುಳ್ಳಯ್ಯನಗಿರಿ. ಜಿಲ್ಲೆಗಳು 14, ಇಲ್ಲವೇ 31. ವಿಧಾನಸಭೆಯ ಸ್ಥಾನಗಳು 140, ಇಲ್ಲವೇ 224. ವಿಧಾನ ಪರಿಷತ್ತಿನ ಸದಸ್ಯರೆಷ್ಟು ಎಂದರೆ ಬಲಕ್ಕೆ 75, ಎಡಕ್ಕೆ ಒಂದು ಅಡ್ಡಗೆರೆ. ಕೇರಳಕ್ಕೆ ಆ ಸದನವೇ ಇಲ್ಲ. ಪ್ರಾಣಿ ಬಂದಾಗ ಮಾತ್ರ ತರಗತಿಗೆ ತರಗತಿಯೇ ನಿಟ್ಟುಸಿರು ಬಿಡುತ್ತದೆ: ಎರಡೂ ಕಡೆ ಆನೆ. ರಾಜ್ಯ ಹುಟ್ಟಿದ ದಿನವೂ ಒಂದೇ, 1956ರ ನವೆಂಬರ್ 1. ಅಂದು ತಿರುವನಂತಪುರದಲ್ಲಿ ಕೇರಳಪ್ಪಿರವಿ, ಬೆಂಗಳೂರಿನಲ್ಲಿ ರಾಜ್ಯೋತ್ಸವ. ನಮ್ಮ ಹಿರಿಯರಿಗೆ ಅಂದು ಏನು ಎಂದು ಯಾವ ಗೈಡೂ ಕೇಳುವುದಿಲ್ಲ.

ಇದೇನು ಮಹಾ, ಎರಡು ಪಟ್ಟಿ ಬಾಯಿಪಾಠ ಮಾಡಿದರಾಯಿತು ಎನ್ನುತ್ತೀಯ. ಮಾಡುತ್ತಾರೆ. ಆದರೆ ಪರೀಕ್ಷೆಯ ಹಾಲಿನಲ್ಲಿ ಗಡಿಯಾರ ಓಡುತ್ತಿರುವಾಗ, ಕಣ್ಣ ಮುಂದೆ ನಾಲ್ಕು ಆಯ್ಕೆಗಳಿದ್ದು ಅವುಗಳಲ್ಲಿ ಎರಡು ತನಗೆ ಗೊತ್ತಿರುವ ಸರಿ ಉತ್ತರಗಳೇ ಆಗಿರುವಾಗ ಏನಾಗುತ್ತದೆ ಎಂದು ಯೋಚಿಸು. 'ರಾಜ್ಯದ ಮೊದಲ ಮುಖ್ಯಮಂತ್ರಿ' ಎಂದೊಡನೆ ತಿರುವನಂತಪುರದ ಹುಡುಗನ ಪೆನ್ನು ನೇರ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಹೆಸರಿನ ವೃತ್ತಕ್ಕೆ ಹೋಗುತ್ತದೆ. ನಮ್ಮ ಹುಡುಗಿಯ ತಲೆಯಲ್ಲಿ 1947ರ ಕೆ.ಸಿ. ರೆಡ್ಡಿ ಏಳುತ್ತಾರೆ, 1956ರ ನಿಜಲಿಂಗಪ್ಪ ಏಳುತ್ತಾರೆ, ಆಮೇಲೆ 1957ರ ಇ.ಎಂ.ಎಸ್. ಮೂವರನ್ನೂ ಕೂರಿಸಿ, ತಾನು ಇಂದು ಯಾವ ರಾಜ್ಯದ ಪರೀಕ್ಷೆಗೆ ಬಂದಿದ್ದೇನೆ ಎಂದು ಹಾಲ್ ಟಿಕೆಟ್ ನೋಡಿಕೊಂಡು ಗುರುತು ಹಾಕಬೇಕು. ತಮಾಷೆ ಎಂದರೆ, ಆ ಇ.ಎಂ.ಎಸ್. 1957ರಲ್ಲಿ ಗೆದ್ದದ್ದು ಈಗ ನಮ್ಮ ಜಿಲ್ಲೆಯಲ್ಲಿರುವ ನೀಲೇಶ್ವರದಿಂದ!

ಕೆಲವೊಮ್ಮೆ ಒಂದೇ ವಸ್ತು ಎರಡು ಕಡೆಯಿಂದ ಬಂದು ಕಾಡುತ್ತದೆ. ಕಬಿನಿಯನ್ನೇ ತೆಗೆದುಕೋ. ಕೇರಳದ ಪರೀಕ್ಷೆಗೆ ಅದು 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವ ಮೂರರಲ್ಲಿ ಒಂದು, ಭವಾನಿ ಮತ್ತು ಪಾಂಬಾರ್ ಜೊತೆಗೆ. ಕರ್ನಾಟಕದ ಪರೀಕ್ಷೆಗೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವ ಉಪನದಿ. ಬೇಕಲ ಕೋಟೆ ಕೇರಳದ ಅತಿ ದೊಡ್ಡ ಕೋಟೆ ಎಂದು ಎಡ ಕಾಲಮಿನಲ್ಲಿದೆ. ಅದನ್ನು ಕಟ್ಟಿಸಿದ ಕೆಳದಿಯ ಶಿವಪ್ಪನಾಯಕ ಬಲ ಕಾಲಮಿನಲ್ಲಿ ಬೇರೆಯೇ ಅಧ್ಯಾಯದಲ್ಲಿದ್ದಾನೆ. ನಮ್ಮವರು ಇಂಥದ್ದರಲ್ಲಿ ಎಡವುವುದಿಲ್ಲ, ಇದು ಅವರ ಅಂಗಳದ ಸಂಗತಿ.

ಪೊಲೀಸ್ ಪರೀಕ್ಷೆ ಎಂದೆಯಲ್ಲ, ಕಯ್ಯೂರಿನ ಹೆಸರು ಕೇಳಿದ್ದೀಯಾ? 1941ರ ಮಾರ್ಚ್‌ನಲ್ಲಿ ರೈತರ ಮೆರವಣಿಗೆಯ ನಡುವೆ ಸಿಕ್ಕಿಕೊಂಡ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ಹೊಳೆಯಲ್ಲಿ ಮುಳುಗಿ ಸತ್ತ. ಅದಕ್ಕಾಗಿ 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ನಾಲ್ವರು ಯುವ ರೈತರನ್ನು ಗಲ್ಲಿಗೇರಿಸಿದರು. ಆಗ ಕಯ್ಯೂರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ಕಥೆಯನ್ನು ಕಾದಂಬರಿ ಮಾಡಿದವರು ನೀಲೇಶ್ವರದಲ್ಲಿ ಓದಿದ ಕನ್ನಡದ ನಿರಂಜನ. ಇದು ಕೇರಳದ ರ್‍ಯಾಂಕ್ ಫೈಲುಗಳಲ್ಲಿ ತಪ್ಪದೆ ಇರುತ್ತದೆ. ನಾನು ನೋಡಿದ ಕರ್ನಾಟಕದ ಗೈಡುಗಳಲ್ಲಿ ಸ್ವಾತಂತ್ರ್ಯ ಹೋರಾಟ ಈಸೂರು, ವಿದುರಾಶ್ವತ್ಥ, ಅಂಕೋಲಾಗಳಿಗೆ ಬಂದು ನಿಂತುಬಿಡುತ್ತದೆ. ಕರ್ನಾಟಕದ ಗೈಡಿನಲ್ಲಿ ನಮಗೆ ಸಿಗುವ ಜಾಗ ಎರಡೇ. ಒಂದು, ಮೊದಲ ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈ. ಇನ್ನೊಂದು ಗಡಿ ವಿವಾದ: ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ. ನಮ್ಮ ವಾಚನಾಲಯ ಆ ಉತ್ತರದ ಭಾಗದಲ್ಲೇ ಇದೆ. ಆಯೋಗದ ವರ್ಷಕ್ಕೆ ಒಂದು ಅಂಕ ಉಂಟು, ಅದರ ಜಾರಿಗೆ ಯಾರೂ ಅಂಕ ಇಟ್ಟಿಲ್ಲ.

ಕೇರಳದ ಪುಸ್ತಕದಲ್ಲಿಯೂ ನಾವು ಅಂಚಿನವರೇ. ರಾಜ್ಯದ ಒಂದನೇ ನಂಬರಿನ ವಿಧಾನಸಭಾ ಕ್ಷೇತ್ರ ಮಂಜೇಶ್ವರ. ಉತ್ತರದ ಕೊನೆಯ ನದಿ ಮಂಜೇಶ್ವರ ಹೊಳೆ; 16 ಕಿಲೋಮೀಟರ್, ಅತಿ ಚಿಕ್ಕದು. ಕೊನೆಯದಾಗಿ ಹುಟ್ಟಿದ ಜಿಲ್ಲೆ ಕಾಸರಗೋಡು, 1984ರ ಮೇ 24. ದಕ್ಷಿಣದ ಅಭ್ಯರ್ಥಿಗಳಿಗೆ ಇವೆಲ್ಲ ನಾಲಿಗೆಯ ತುದಿಯಲ್ಲಿರುತ್ತವೆ. ಅಷ್ಟು ಚೆನ್ನಾಗಿ ನಮ್ಮನ್ನು ಬಾಯಿಪಾಠ ಮಾಡಿದವರು ಪಾಸಾಗಿ, ಇಲ್ಲಿಗೇ ನೇಮಕವಾಗಿ ಬಂದು, ರೈಲಿನಿಂದ ಇಳಿದ ದಿನವೇ ಊರಿಗೆ ವರ್ಗಾವಣೆ ಯಾವಾಗ ಎಂದು ವಿಚಾರಿಸುತ್ತಾರೆ. ಕಾಸರಗೋಡು ಎಂದರೆ ಸರ್ಕಾರಿ ನೌಕರರ ಲೋಕದಲ್ಲಿ ಶಿಕ್ಷೆಯ ವರ್ಗಾವಣೆ ಎಂಬ ಖ್ಯಾತಿ ಹಳೆಯದು.

ಅವರೇಕೆ ಇಲ್ಲಿಗೆ ಅರ್ಜಿ ಹಾಕುತ್ತಾರೆ ಎಂದರೆ, ನಮ್ಮ ಪಟ್ಟಿಯ ಕಟ್ ಆಫ್ ಕಡಿಮೆ ಇರುತ್ತದೆಂಬ ಲೆಕ್ಕಾಚಾರ. 2018ರಲ್ಲಿ ನಡೆದ ಇದೇ ಸಿವಿಲ್ ಪೊಲೀಸ್ ಆಫೀಸರ್ ಪರೀಕ್ಷೆಯಲ್ಲಿ ಕಾಸರಗೋಡು ಬೆಟಾಲಿಯನ್ನಿನ ರ್‍ಯಾಂಕ್ ಪಟ್ಟಿಯ ಮೊದಲೆರಡು ಸ್ಥಾನ ತಿರುವನಂತಪುರದ ಒಂದು ಕಾಲೇಜಿನ ಹುಡುಗರಿಗೆ ಬಂದಿತ್ತು. ಮರುವರ್ಷ ಅವರು ಕಾಲೇಜಿನ ಚೂರಿ ಇರಿತದ ಪ್ರಕರಣದಲ್ಲಿ ಸಿಕ್ಕಿಬಿದ್ದಾಗಲೇ ಗೊತ್ತಾದದ್ದು, ಪರೀಕ್ಷೆಯ ಹೊತ್ತಿನಲ್ಲಿ ಅವರಿಗೆ ಎಸ್‌ಎಂಎಸ್ ಮೂಲಕ ಉತ್ತರಗಳು ಬಂದಿದ್ದವು ಎಂದು. ಪಿಎಸ್‌ಸಿ ಅವರನ್ನು ಪಟ್ಟಿಯಿಂದ ತೆಗೆದುಹಾಕಿತು. ನೀನು ನಗಬೇಡ, ನಿಮ್ಮ ಕಡೆ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯನ್ನೇ ರದ್ದು ಮಾಡಬೇಕಾಗಿ ಬಂದದ್ದು ನಮ್ಮ ಬಲ ಕಾಲಮಿನಲ್ಲಿದೆ. ಆದರೆ ಇಲ್ಲಿನ ಉರಿ ಬೇರೆ ಬಗೆಯದು. ಎರಡು ರಾಜ್ಯಗಳ ಹೂವು ಹಕ್ಕಿ ಕಲಿತು ಕುಳಿತವರ ಮುಂದೆ, ಒಂದು ರಾಜ್ಯವನ್ನೂ ಓದದವರು ನಮ್ಮ ಜಿಲ್ಲೆಯ ಹೆಸರಿನಲ್ಲಿ ಮೊದಲಿಗರಾಗಿದ್ದರು.

ಹಾಗಾದರೆ ಕರ್ನಾಟಕಕ್ಕೇ ಬಂದುಬಿಡಿ ಎನ್ನುವವರು ನೀನೊಬ್ಬನೇ ಅಲ್ಲ. ಬರುತ್ತೇವೆ. ಬಂದಾಗ ಕೇರಳದ ತಹಶೀಲ್ದಾರರು ಕೊಟ್ಟ ಹಿಂದುಳಿದ ಜಾತಿಯ ಪ್ರಮಾಣಪತ್ರಕ್ಕೆ ಅಲ್ಲಿ ಬೆಲೆಯಿಲ್ಲ, ಸಾಮಾನ್ಯ ವರ್ಗದಲ್ಲಿ ನಿಲ್ಲಬೇಕು. ಕಾಲೇಜು ಪ್ರವೇಶಕ್ಕೆ ಗಡಿನಾಡ ಕನ್ನಡಿಗ ಎಂಬ ಕಲಮು ಉಂಟು, ಅದು ಒಳ್ಳೆಯದೇ. ಅದನ್ನು ಹಿಡಿದು ಮಂಗಳೂರಿನಲ್ಲಿ ಓದಿದವರಲ್ಲಿ ನಾನೂ ಒಬ್ಬ. ನೌಕರಿಯ ಬಾಗಿಲಿಗೆ ಬಂದಾಗ ಗಡಿನಾಡಿನಲ್ಲಿ ಗಡಿ ಉಳಿಯುತ್ತದೆ, ನಾಡು ಜಾರುತ್ತದೆ.

ಮಲಯಾಳ ಕಲಿತರೆ ಮುಗಿಯಿತಲ್ಲ ಎಂದೂ ನೀನು ಕೇಳಿದ್ದೆ. ನಮಗೆ ಮಲಯಾಳ ಬಾರದೆಂದು ನಿನಗೆ ಹೇಳಿದವರು ಯಾರು? ರ್‍ಯಾಂಕ್ ಫೈಲನ್ನು ಮಲಯಾಳದಲ್ಲೇ ಓದಿ, ಟಿಪ್ಪಣಿಯನ್ನು ಕನ್ನಡದಲ್ಲಿ ಮಾಡಿ, ಅದನ್ನು ತುಳುವಿನಲ್ಲಿ ಚರ್ಚಿಸುವ ಹುಡುಗಿಯರು ನಮ್ಮ ಬೆಂಚಿನಲ್ಲಿದ್ದಾರೆ. ಉಪ್ಪಳದ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ತುಳು, ಬ್ಯಾರಿ, ಕೊಂಕಣಿ, ಉರ್ದು, ಮರಾಠಿ ಎಲ್ಲವೂ ಕಿವಿಗೆ ಬೀಳುತ್ತವೆ. ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣಕಾರರು ಹೊಗಳುತ್ತಾರೆ. ಭಾಷಣ ಮುಗಿದ ಮೇಲೆ ಠಾಣೆಗೆ ಹೋಗಿ ನೋಡಬೇಕು. ಒಣಗಲು ಹಾಕಿದ್ದ ಅಡಿಕೆ ಕಳವಾಯಿತೆಂದು ಅಂಗಳದಿಂದ ನೇರ ಎದ್ದುಬಂದ ಅಜ್ಜಿ ತುಳುವಿನಲ್ಲಿ ಹೇಳುತ್ತಾಳೆ: ಕೀಳು ದರ್ಜೆಯ ಗೋಟು ಅಡಿಕೆ ಬಿಟ್ಟಿದ್ದಾರೆ, ಒಳ್ಳೆಯ ಚಾಲಿಯನ್ನೇ ಆರಿಸಿ ಗೋಣಿಗೆ ತುಂಬಿದ್ದಾರೆ, ಅಂದರೆ ಕದ್ದವನು ಅಡಿಕೆ ಬಲ್ಲವನು. ಕೊಲ್ಲಂ ಕಡೆಯಿಂದ ಬಂದ ಯುವ ಪೊಲೀಸ್ ತಾಳ್ಮೆಯಿಂದಲೇ ಕೇಳಿಸಿಕೊಳ್ಳುತ್ತಾನೆ, ಒಳ್ಳೆಯವನೇ; ಆದರೆ ದೂರಿನಲ್ಲಿ 'ಅಡಿಕೆ ಕಾಣೆಯಾಗಿದೆ' ಎಂಬಷ್ಟೇ ಮಲಯಾಳದಲ್ಲಿ ಇಳಿಯುತ್ತದೆ. ಅಜ್ಜಿ ತನಗೆ ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ. ಕಳ್ಳನ ಗುರುತು ಇದ್ದದ್ದು ಬಿಟ್ಟುಹೋದ ಆ ಗೋಟಿನ ಮಾತಿನಲ್ಲಿ.

ಈ ಜಿಲ್ಲೆಯಲ್ಲಿ ಗುಮಾಸ್ತರ ಹುದ್ದೆಗೆ ಕನ್ನಡ, ಮಲಯಾಳ ಎರಡೂ ಬಲ್ಲವರದೇ ಒಂದು ಪಟ್ಟಿ ಮಾಡುವ ಕ್ರಮವಿದೆ. ಕಡತಕ್ಕೆ ಕೊಟ್ಟ ಮರ್ಯಾದೆಯನ್ನು ಠಾಣೆಯ ಮೆಟ್ಟಿಲು ಹತ್ತುವ ಮನುಷ್ಯರಿಗೂ ಕೊಡಿ ಎಂಬುದು ನನ್ನ ಹಳೆಯ ತಕರಾರು. ನೂರು ಪ್ರಶ್ನೆಗಳಲ್ಲಿ ಒಂದಾದರೂ ಈ ಜಿಲ್ಲೆಯ ಠಾಣೆಗೆ ಬರುವವರು ಯಾವ ಯಾವ ಭಾಷೆಯಲ್ಲಿ ಅಳುತ್ತಾರೆ ಎಂದು ಕೇಳಲಿ ನೋಡೋಣ.

ನಿಮ್ಮ ಪೊಲೀಸರ ಮೇಲೂ ಸಿಟ್ಟು ಇಲ್ಲದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿಯಿತು. ತಲಪಾಡಿಯಲ್ಲಿ ಅತ್ತ ಒಂದು ಬದಿ ಮಡಚಿದ ಟೋಪಿಯವರು, ಇತ್ತ ನಮ್ಮವರು, ನಡುವೆ ಆಂಬುಲೆನ್ಸ್. ನಮ್ಮ ಆಸ್ಪತ್ರೆ ಯಾವಾಗಲೂ ಮಂಗಳೂರೇ. ಕಣ್ಣೂರಿಗೆ, ಕೋಝಿಕ್ಕೋಡಿಗೆ ಹೋಗುವಷ್ಟು ಉಸಿರು ಎಲ್ಲ ರೋಗಿಗಳಿಗೂ ಇರುವುದಿಲ್ಲ. ಚಿಕಿತ್ಸೆ ಸಿಗದೆ ಜನ ಸತ್ತರು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆ ವರ್ಷ ಪ್ರಚಲಿತ ವಿದ್ಯಮಾನದ ಪಾಠ ಮಾಡುವಾಗ ಯಾವ ಕಾಲಮಿನಲ್ಲಿ ಬರೆಯಬೇಕು ಎಂದು ಹುಡುಗನೊಬ್ಬ ಕೇಳಿದ. ಗೆರೆಯ ಮೇಲೆಯೇ ಬರೆ ಎಂದೆ.

ಇಷ್ಟೆಲ್ಲ ದೂರಿದ ಮೇಲೂ ನಾನು ತರಗತಿ ಬಿಡುವುದಿಲ್ಲ, ಅವರೂ ಬಿಡುವುದಿಲ್ಲ. ಪಯಸ್ವಿನಿ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರೆ ನಿಮ್ಮ ಹುಡುಗರು ಕೊಡಗು ಎಂದು ನಿಲ್ಲಿಸುತ್ತಾರೆ. ನಮ್ಮವರು ಅದು ಸುಳ್ಯ ದಾಟಿ ಇಳಿದು ಬಂದು, ಚಂದ್ರಗಿರಿ ಎಂದಾಗಿ ತಳಂಗರೆಯ ಹತ್ತಿರ ಸಮುದ್ರ ಸೇರುವವರೆಗೂ ಹೇಳುತ್ತಾರೆ. ಅಂಕ ಒಂದೇ ಆದರೂ. ಈ ಸಲ ಇಬ್ಬರು ಹುಡುಗಿಯರ ಮೇಲೆ ನನಗೆ ಭರವಸೆಯಿದೆ. ಅವರಲ್ಲೊಬ್ಬಳು ಗಣಿತದಲ್ಲಿ ಸ್ವಲ್ಪ ಹಿಂದೆ, ಆದರೆ ಸಂವಿಧಾನದ ವಿಧಿಗಳನ್ನು ನಿದ್ದೆಯಲ್ಲೂ ಹೇಳುತ್ತಾಳೆ.

ಡಿಸೆಂಬರಿನಲ್ಲಿ ಮಂಗಳೂರಿಗೆ ಮದುವೆಗೆ ಬರುತ್ತೇನೆ ಎಂದಿದ್ದೀಯಲ್ಲ, ಬರುವಾಗ ಕರ್ನಾಟಕದ ಕಾನ್‌ಸ್ಟೆಬಲ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳು ಸಿಕ್ಕಿದಷ್ಟು ತೆಗೆದುಕೊಂಡು ಬಾ. ಉತ್ತರ ಗುರುತು ಮಾಡಿದ್ದು ಬೇಡ, ಖಾಲಿಯದು ಇರಲಿ. ಮಂಗಳೂರಿನಿಂದ ಕಾಸರಗೋಡಿನ ಬಸ್ಸು ಹತ್ತಿದರೆ ಕುಂಬಳೆಯಲ್ಲಿ ಇಳಿಯಬಹುದು. ಎರಡು ರಾಜ್ಯಗಳ ಬಸ್ಸುಗಳೂ ಓಡುತ್ತವೆ, ಎರಡಕ್ಕೂ ಹೆಸರು ಕೆಎಸ್‌ಆರ್‌ಟಿಸಿ ಎಂದೇ. ಯಾವುದು ಮೊದಲು ಬರುತ್ತದೋ ಅದನ್ನು ಹತ್ತು.