ನಾಲ್ಕು ಪಿಸಿಗೆ ಒಂದೇ ವಾಟರ್ ಕೂಲಿಂಗ್ ಲೂಪ್ ಹಾಕಬಹುದಾ?

ರೆಂಡರಿಂಗ್‌ಗೆ ಇಟ್ಕೊಂಡಿರೋ ನಾಲ್ಕು ಪಿಸಿಗೂ ಸೇರಿಸಿ ನೀರು ಸುತ್ತೋ ಒಂದೇ ಪೈಪ್ ಲೂಪ್ ಮಾಡಿ, ದೊಡ್ಡ ರೇಡಿಯೇಟರ್ ಒಂದನ್ನ ಬಾಲ್ಕನಿಯಲ್ಲಿ ಇಟ್ರೆ ನಡೆಯುತ್ತಾ, ಒಂದರ ಬಿಸಿನೀರು ಇನ್ನೊಂದಕ್ಕೆ ಹೋಗಿ ಕೊನೇ ಮಷೀನ್ ಬೇಯಲ್ವಾ ಅಂತ ಕೇಳಿದೀರ. ಧಾರಾಳವಾಗಿ ಮಾಡಬಹುದು. ಆದ್ರೆ ನೀವು ಹೆದರ್ತಿರೋ ವಿಷಯ ಅಷ್ಟು ದೊಡ್ಡದಲ್ಲ, ನಿಜವಾದ ತಲೆನೋವು ಏನಂದ್ರೆ ಒಂದು ಮಷೀನ್ ಬಿಚ್ಚಬೇಕಾದಾಗ ಉಳಿದ ಮೂರೂ ನಿಂತುಹೋಗೋದು. ಡೆಡ್‌ಲೈನ್ ದಿನ ಒಂದು ಗ್ರಾಫಿಕ್ಸ್ ಕಾರ್ಡ್ ಬದಲಾಯಿಸೋಕೆ ಇಡೀ ಲೂಪ್ ನೀರು ಖಾಲಿ ಮಾಡೋ ಹಾಗಿರಬಾರದು, ಮೊದಲು ಇದನ್ನ ತಲೇಲಿಟ್ಕೊಂಡು ಪ್ಲಾನ್ ಹಾಕಿ.

ಬಿಸಿ ಲೆಕ್ಕ ಸುಲಭ. ನಿಮಿಷಕ್ಕೆ 1 ಲೀಟರ್ ಹರಿಯೋ ನೀರು 1 ಡಿಗ್ರಿ ಏರೋಕೆ ಸುಮಾರು 70 ವಾಟ್ ಬೇಕು. ಒಂದೊಂದು ಪಿಸಿ 500 ವಾಟ್ ಅಂತ ಇಟ್ಕೊಳಿ, ನಿಮಿಷಕ್ಕೆ 4 ಲೀಟರ್ ಹರೀತಿದ್ರೆ ಒಂದು ಪಿಸಿ ದಾಟುವಾಗ ನೀರು ಬಿಸಿಯಾಗೋದು 2 ಡಿಗ್ರಿಗಿಂತ ಕಮ್ಮಿ, ನಾಲ್ಕೂ ದಾಟಿದ್ಮೇಲೂ 7 ಡಿಗ್ರಿ ಅಷ್ಟೇ. ಹಾಗಾಗಿ ಸೀರೀಸ್‌ನಲ್ಲಿ, ಅಂದ್ರೆ ಒಂದರ ಹಿಂದೆ ಒಂದು ಹಾಕಿದ್ರೂ ಕೊನೇ ಮಷೀನ್‌ಗೆ ಏನೂ ಆಗಲ್ಲ. ಆದ್ರೆ ಸೀರೀಸ್‌ನಲ್ಲಿ ಎಂಟು ಬ್ಲಾಕ್‌ಗಳ (ಪ್ರತಿ ಪಿಸಿಯ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಮೇಲೆ ಕೂತು ಬಿಸಿನ ನೀರಿಗೆ ದಾಟಿಸೋ ಲೋಹದ ತುಂಡುಗಳು) ತಡೆ ಒಟ್ಟುಗೂಡುತ್ತೆ, ಆ 4 ಲೀಟರ್ ಫ್ಲೋ ಬರೋದೇ ಕಷ್ಟ, ಜೊತೆಗೆ ಮಧ್ಯದಲ್ಲಿ ಒಂದನ್ನ ಬಿಚ್ಚಿದ್ರೆ ಲೈನೇ ತುಂಡಾಗುತ್ತೆ.

ಅದಕ್ಕೇ ನಾನು ಹೇಳೋದು ಪ್ಯಾರಲಲ್ ಮಾಡಿ ಅಂತ. ಹೋಗೋ ನೀರಿಗೊಂದು ದಪ್ಪ ಪೈಪು, ಬರೋ ನೀರಿಗೊಂದು, ಅವೆರಡರ ಮಧ್ಯೆ ನಾಲ್ಕು ಕವಲು, ಪ್ರತಿ ಕವಲಿನ ಎರಡೂ ತುದಿಗೆ ಕ್ವಿಕ್ ಡಿಸ್ಕನೆಕ್ಟ್. ಒಳ್ಳೇ ಕಂಪನಿ ಡಿಸ್ಕನೆಕ್ಟ್ ಎಳೆದಾಗ ಎರಡು ಕಡೆ ವಾಲ್ವೂ ತಾನಾಗೇ ಮುಚ್ಚಿಕೊಳ್ಳುತ್ತೆ, ಮೂತಿ ಹತ್ರ ಒಂದೆರಡು ಹನಿ ಬಿಟ್ರೆ ಏನೂ ಚೆಲ್ಲಲ್ಲ, ಆದ್ರೂ ಕೆಳಗೊಂದು ಬಟ್ಟೆ ಹಿಡ್ಕೊಂಡೇ ಎಳೀರಿ. ಇಲ್ಲಿ ಮಾತ್ರ ಕಾಸು ಉಳಿಸೋಕೆ ಹೋಗ್ಬೇಡಿ. ಇನ್ನು ತೋಟದ ಡ್ರಿಪ್ ಲೈನ್‌ನಲ್ಲಿ ಪಂಪ್ ಹತ್ರದ ಸಾಲಿಗೆ ಜಾಸ್ತಿ ನೀರು ಬೀಳುತ್ತಲ್ಲ, ಇಲ್ಲೂ ಅದೇ ಕಥೆ, ತಡೆ ಕಮ್ಮಿ ಇರೋ ಪಿಸಿ ಜಾಸ್ತಿ ನೀರು ಎಳ್ಕೊಳ್ಳುತ್ತೆ, ಅದಕ್ಕೆ ಪ್ರತಿ ಕವಲಿಗೆ ಒಂದು ಸಣ್ಣ ವಾಲ್ವ್ ಹಾಕಿ ಅಡ್ಜಸ್ಟ್ ಮಾಡ್ಕೊಳಿ.

ಪಂಪ್ ವಿಷಯದಲ್ಲಿ ತುಂಬಾ ಜನ ಎಡವೋದು ಇಲ್ಲೇ: ಪಂಪ್‌ಗೆ ಕರೆಂಟು ಯಾವುದೋ ಒಂದು ಪಿಸಿಯಿಂದ ತಗೋತಾರೆ, ಆ ಪಿಸಿ ಆಫ್ ಮಾಡಿದ ತಕ್ಷಣ ಉಳಿದ ಮೂರಕ್ಕೂ ನೀರಿಲ್ಲ. ಪಂಪ್‌ಗೂ ರೇಡಿಯೇಟರ್ ಫ್ಯಾನ್‌ಗೂ ಬೇರೇನೇ ಪವರ್ ಸಪ್ಲೈ ಕೊಡಿ, ಪಿಸಿಗಳು ಯುಪಿಎಸ್ ಮೇಲಿದ್ರೆ ಇದೂ ಅದೇ ಯುಪಿಎಸ್ ಮೇಲೆ ಇರಲೇಬೇಕು, ನಮ್ಮ ಕಡೆ ಕರೆಂಟ್ ಹೋಗೋದು ಗೊತ್ತಲ್ಲ. ಡಿ5 ತರದ ಪಂಪ್ ಎರಡನ್ನ ಒಂದರ ಹಿಂದೆ ಒಂದು ಹಾಕಿದ್ರೆ ಒಂದು ಕೆಟ್ರೂ ಇನ್ನೊಂದು ತಳ್ಳೋ ನೀರು ಅದರ ಮೂಲಕನೇ ಹರೀತಿರುತ್ತೆ. ಜೊತೆಗೆ ಒಂದು ಫ್ಲೋ ಸೆನ್ಸರ್, ಫ್ಲೋ ಬಿದ್ರೆ ನಾಲ್ಕೂ ಪಿಸಿ ಶಟ್‌ಡೌನ್ ಆಗೋ ಹಾಗೆ ಸಣ್ಣ ಸ್ಕ್ರಿಪ್ಟ್.

ರೇಡಿಯೇಟರ್ ಬಾಲ್ಕನಿಯಲ್ಲಿ ಇಡಿ ಪರವಾಗಿಲ್ಲ, ಮಳೆ ಧೂಳು ಬೀಳದ ಹಾಗೆ ನೋಡ್ಕೊಳಿ. ಹೊರಗಿನ ಗಾಳಿಗಿಂತ ನೀರು ತಣ್ಣಗಾಗಲ್ಲ ಅನ್ನೋದು ನೆನಪಿರಲಿ, ಬೆಂಗಳೂರಲ್ಲಿ ಆರಾಮು, ಕಲಬುರಗಿ ಬೇಸಿಗೆ ಆದ್ರೆ ರೇಡಿಯೇಟರ್ ಒಂದು ಸೈಜ್ ದೊಡ್ಡದೇ ತಗೋಬೇಕು. ಹಾಗಂತ ನೀರನ್ನ ಫ್ರಿಜ್ ತರ ತಣ್ಣಗೆ ಮಾಡೋ ಚಿಲ್ಲರ್ ಹಾಕೋಕೆ ಮಾತ್ರ ಹೋಗ್ಬೇಡಿ. ಕರಾವಳಿ ಮಳೆಗಾಲದ ತೇವಕ್ಕೆ ನೀರು 20 ಡಿಗ್ರಿಗೆ ಇಳಿದ್ರೂ ಪೈಪ್ ಬ್ಲಾಕ್ ಮೇಲೆಲ್ಲಾ ಬೆವರು ಕೂತು ಬೋರ್ಡ್ ಮೇಲೆ ತೊಟ್ಟಿಕ್ಕುತ್ತೆ. ನೀರು ತಣ್ಣಗಿರಲೇಬೇಕು ಅಂತೇನೂ ಇಲ್ಲ, 2010ರಲ್ಲಿ ಐಬಿಎಂ ಮತ್ತು ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯ ಸೇರಿ ಮಾಡಿದ ಅಕ್ವಾಸಾರ್ ಸೂಪರ್ ಕಂಪ್ಯೂಟರ್‌ಗೆ ಒಳಗೆ ಬಿಡ್ತಿದ್ದ ನೀರೇ 60 ಡಿಗ್ರಿ ಇತ್ತು! ನಮ್ಮ ಪಿಸಿ ಪಂಪು ಟ್ಯೂಬು ಅಷ್ಟು ತಡ್ಕೊಳ್ಳಲ್ಲ, 45 ಒಳಗೆ ಇಟ್ಕೊಳಿ ಸಾಕು.

ಹಳೇ ಕಾರ್ ರೇಡಿಯೇಟರ್ ಹಾಕ್ಲಾ ಅಂತನೂ ಕೇಳಿದೀರ, ದಯವಿಟ್ಟು ಬೇಡ. ಅವು ಹೆಚ್ಚಾಗಿ ಅಲ್ಯೂಮಿನಿಯಂ, ನಿಮ್ಮ ಬ್ಲಾಕ್‌ಗಳು ತಾಮ್ರ, ಎರಡೂ ಒಂದೇ ನೀರಲ್ಲಿದ್ರೆ ಅಲ್ಯೂಮಿನಿಯಂ ತಿಂದುಹೋಗುತ್ತೆ, ಆ ಪುಡಿಯೆಲ್ಲಾ ಬಂದು ಬ್ಲಾಕ್‌ನ ಕೂದಲೆಳೆಯಂಥ ಸಂದಿಗಳಲ್ಲಿ ಕೂರುತ್ತೆ. ತಾಮ್ರ ಹಿತ್ತಾಳೆ ಇವೆರಡರಲ್ಲೇ ಮುಗಿಸಿ. ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಆರ್‌ಒ ನೀರೂ ಬೇಡ, ಡಿಸ್ಟಿಲ್ಡ್ ವಾಟರ್‌ಗೆ ತುಕ್ಕು ಮತ್ತೆ ಪಾಚಿ ತಡೆಯೋ ಲಿಕ್ವಿಡ್ ಸೇರಿಸಿ ಹಾಕಿ.

ನೀರು ತುಂಬೋಕೆ ಮುಂಚೆ ಗಾಳಿ ಟೆಸ್ಟ್ ಮಾಡಲೇಬೇಕು. ಗೇಜ್ ಇರೋ ಹ್ಯಾಂಡ್ ಪಂಪ್‌ನಲ್ಲಿ ಅರ್ಧ ಬಾರ್ ತುಂಬಿಸಿ ಅರ್ಧ ಗಂಟೆ ಬಿಡಿ, ಮುಳ್ಳು ಇಳಿದ್ರೆ ಕವಲುಗಳನ್ನ ಒಂದೊಂದಾಗಿ ಬಿಚ್ಚಿ ಮತ್ತೆ ನೋಡಿ, ಯಾವುದನ್ನ ಬಿಚ್ಚಿದಾಗ ಮುಳ್ಳು ನಿಲ್ಲುತ್ತೋ ಲೀಕ್ ಅಲ್ಲೇ ಇರುತ್ತೆ.

ಫುಲ್ ಲೋಡ್‌ನಲ್ಲಿ ನಾಲ್ಕೂ ಪಿಸಿ ಎಷ್ಟು ವಾಟ್ ಎಳೀತವೆ, ಬಾಲ್ಕನಿಗೆ ಪೈಪ್ ಎಷ್ಟು ಮೀಟರ್ ಆಗುತ್ತೆ ಅಂತ ಕಾಮೆಂಟ್‌ನಲ್ಲಿ ಹಾಕಿ, ರೇಡಿಯೇಟರ್ ಸೈಜ್ ಲೆಕ್ಕ ಮಾಡಿ ಹೇಳ್ತೀನಿ.